ಆತಕೂರು ಶಾಸನದ ಕರಡು: ಹೊಸದಾಗಿ ವಿಕಿಪೀಡಿಯಕ್ಕೆ ಬರೆಯುತ್ತಿರುವ ವಿದ್ಯಾರ್ಥಿನಿಗೆ ಸಲಹೆಗಳು

ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಎಂ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರಿನ ಅಸೈನ್‌ಮೆಂಟ್ ಆಗಿ ಒಬ್ಬೊಬ್ಬರೂ ಕನ್ನಡ ವಿಕಿಪೀಡಿಯಕ್ಕೆ ಒಂದೊಂದು ಲೇಖನ ಬರೆಯಬೇಕೆಂದು ನಮ್ಮ ವಿಭಾಗದಲ್ಲಿ ಹೇಳಿದ್ದಾರೆ. ನಾನು ಆತಕೂರು ಶಾಸನವನ್ನು ಆರಿಸಿಕೊಂಡೆ. ನಾಯಿಯೊಂದರ ನೆನಪಿಗೆ ನೆಟ್ಟ ವೀರಗಲ್ಲು ಎಂದು ತರಗತಿಯಲ್ಲಿ ಕೇಳಿದ ದಿನದಿಂದ ಅದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಲ್ಲನ್ನು ಕಣ್ಣಾರೆ ನೋಡಿ, ಫೋಟೋ ತೆಗೆದು, ಕೆಲವು ಸಾಲುಗಳನ್ನು ನಾನೇ ಓದಲು ಯತ್ನಿಸಿದ್ದೇನೆ.

ಕರಡು ನನ್ನ ಪ್ರಯೋಗಪುಟದಲ್ಲಿದೆ, ಎಂದರೆ ಪ್ರಕಟಿಸುವ ಮೊದಲು ಬರೆದು ನೋಡಲು ಇರುವ ನನ್ನ ಸ್ವಂತ ಪುಟದಲ್ಲಿ. ಕಳೆದ ವಾರ ಅದರಿಂದ ಒಂದು ಪ್ಯಾರಾವನ್ನು ಈಗಾಗಲೇ ಇರುವ ಬೇರೊಂದು ಪುಟಕ್ಕೆ ಸೇರಿಸಿದ್ದೆ. ಹತ್ತು ನಿಮಿಷದೊಳಗೆ ಯಾರೋ ಅದನ್ನು ರದ್ದು ಮಾಡಿ, ಕಾರಣದ ಜಾಗದಲ್ಲಿ "ಮೂಲವಿಲ್ಲ" ಎಂದಷ್ಟೇ ಬರೆದಿದ್ದರು. ಎರಡು ದಿನ ಮತ್ತೆ ಲಾಗಿನ್ ಆಗುವ ಮನಸ್ಸೇ ಬರಲಿಲ್ಲ. ನನ್ನ ಕರಡಿನಲ್ಲಿ ಏನು ತಪ್ಪಿದೆ ಎಂಬುದನ್ನು ದಯವಿಟ್ಟು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಕಟುವಾಗಿದ್ದರೂ ಪರವಾಗಿಲ್ಲ.

ಹಿರಿಯ ಸಂಪಾದಕರು:

ನಮಸ್ಕಾರ. ಮೊದಲು ಆ ರದ್ದತಿಯ ವಿಷಯವನ್ನೇ ಹೇಳಿಬಿಡುತ್ತೇನೆ. ನಿಮ್ಮ ಪ್ಯಾರಾವನ್ನು ತೆಗೆದವರು ನಾನಲ್ಲ. ಆದರೆ ಅದನ್ನು ಇತಿಹಾಸ ಪುಟದಲ್ಲಿ ತೆರೆದು ಓದಿದೆ. ತೆಗೆದದ್ದು ನಿಯಮದ ಪ್ರಕಾರ ಸರಿ. ಹೊಸಬರೊಬ್ಬರಿಗೆ ಒಂದೇ ಪದದ ಕಾರಣ ಕೊಟ್ಟು ಹೋದದ್ದು ಸರಿಯಲ್ಲ. ಚರ್ಚಾಪುಟದಲ್ಲಿ ಎರಡು ಸಾಲು ಬರೆದಿದ್ದರೆ ನಿಮಗೆ ಎರಡು ದಿನ ಹೀಗೆ ಕಳೆಯುತ್ತಿರಲಿಲ್ಲ. ರದ್ದಾದ ಬರಹ ಅಳಿದುಹೋಗಿಲ್ಲ, ಇತಿಹಾಸ ಪುಟದಲ್ಲಿ ಅಕ್ಷರಕ್ಕಕ್ಷರ ಹಾಗೆಯೇ ಇದೆ. ಮೂಲ ಹಚ್ಚಿ, ಎಂದರೆ ಆ ಮಾತು ಯಾವ ಪ್ರಕಟಿತ ಬರಹದಲ್ಲಿದೆ ಎಂದು ತೋರಿಸಿ, ಅದನ್ನು ಮರಳಿ ತರಬಹುದು.

ಈಗ ಕರಡಿಗೆ ಬರುತ್ತೇನೆ. ಒಳ್ಳೆಯ ವಿಷಯ ಆರಿಸಿದ್ದೀರಿ, ಶ್ರದ್ಧೆಯಿಂದ ಓದಿದ್ದೀರಿ ಎಂಬುದು ಕಾಣುತ್ತದೆ. ಆದರೆ ಮೊದಲ ವಾಕ್ಯವನ್ನೇ ನೋಡಿ: "ಕನ್ನಡ ನಾಡಿನ ಹೆಮ್ಮೆಯ ಸುಪ್ರಸಿದ್ಧ ಆತಕೂರು ಶಾಸನವು ಇಡೀ ಜಗತ್ತಿನಲ್ಲೇ ಅಪರೂಪವಾದ ಅಮೋಘ ಶಾಸನವಾಗಿದೆ." ಇದನ್ನು ಓದಿದವರಿಗೆ ಕಲ್ಲು ಎಲ್ಲಿದೆ, ಯಾವ ಕಾಲದ್ದು, ಏನನ್ನು ಹೇಳುತ್ತದೆ ಎಂಬ ಮೂರರಲ್ಲಿ ಒಂದೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ಆತಕೂರು ಶಾಸನವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸಾ.ಶ. 949–50ರ ಹಳಗನ್ನಡ ವೀರಗಲ್ಲು ಶಾಸನ. ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಇದನ್ನು ನಿಲ್ಲಿಸಲಾಯಿತು." ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರು ತಾವಾಗಿಯೇ ಬೆರಗಾಗುತ್ತಾರೆ.

ವರ್ಷದ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ನೀವು ಶಕ 872ಕ್ಕೆ 78 ಕೂಡಿಸಿ 950 ಎಂದು ಬರೆದಿದ್ದೀರಿ. ಶಾಸನದಲ್ಲಿ ಸೌಮ್ಯ ಸಂವತ್ಸರ ಎಂದೂ ಇದೆ. ಆ ಸಂವತ್ಸರ ಬರುವುದು 949ರ ಯುಗಾದಿಯಿಂದ 950ರ ಯುಗಾದಿಯವರೆಗೆ. ಎಂದರೆ ಇಲ್ಲಿ 872 ಎಂಬುದು ನಡೆಯುತ್ತಿರುವ ವರ್ಷ, ಕಳೆದ ವರ್ಷವಲ್ಲ. ಆದ್ದರಿಂದಲೇ ವಿದ್ವಾಂಸರು 949–50 ಎಂದು ಜೋಡಿಸಿ ಬರೆಯುತ್ತಾರೆ. ಮಾಹಿತಿಚೌಕದಲ್ಲಿಯೂ ಹಾಗೆಯೇ ಬರೆಯಿರಿ.

ಇನ್ನು "ಮಣಲೆರ", "ಮನಲರ", "ಮಣಲೇರ" ಎಂದು ಒಬ್ಬನೇ ವೀರನ ಹೆಸರು ಮೂರು ಬಗೆಯಲ್ಲಿ ಬಂದಿದೆ. ಮೂಲದಲ್ಲಿರುವ ರೂಪ ಯಾವುದೋ ಅದನ್ನು ಉದ್ದಕ್ಕೂ ಉಳಿಸಿಕೊಳ್ಳಿ. ಬೇರೆ ರೂಪಗಳು ಪುಸ್ತಕಗಳಲ್ಲಿ ಬಳಕೆಯಲ್ಲಿದ್ದರೆ ಮೊದಲ ಸಲ ಹೆಸರು ಬಂದಾಗ ತಿಳಿಸಿದರೆ ಸಾಕು.

ಭಾಷೆಯನ್ನು ನೋಡಿಕೊಳ್ಳುವ ಸಂಪಾದಕಿ:

ಹಿರಿಯರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾನು ಕರಡಿನ ನಡುವಿನ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ. ಅಲ್ಲಿಯ ಮೂರು ಪ್ಯಾರಾಗಳು ಇಂಗ್ಲಿಷ್ ಲೇಖನವೊಂದರಿಂದ ಯಂತ್ರಾನುವಾದವಾಗಿ ಬಂದಿವೆ ಎಂದು ನನಗೆ ಅನ್ನಿಸುತ್ತದೆ. "ಪಾಶ್ಚಿಮಾತ್ಯ ಗಂಗಾ ರಾಜವಂಶ" ಎಂಬ ಮಾತನ್ನು ಕನ್ನಡದಲ್ಲಿ ಇತಿಹಾಸ ಓದಿದ ಯಾರೂ ಬಳಸುವುದಿಲ್ಲ. ನಮಗೆ ಅವರು ತಲಕಾಡಿನ ಗಂಗರು. "ನಾಯಕ ಕಲ್ಲು" ಎಂದು ಇನ್ನೊಂದು ಕಡೆ ಇದೆ. ಲೇಖನದ ಮೊದಲಿಗೆ ನೀವೇ ವೀರಗಲ್ಲು ಎಂದು ಬರೆದಿದ್ದೀರಿ, ನಡುವೆ ಬಂದ ಈ ಮಾತು ನಿಮ್ಮದಲ್ಲವೆಂದು ಅದರಿಂದಲೇ ಗೊತ್ತಾಯಿತು.

ಈ ವಾಕ್ಯವನ್ನು ಗಟ್ಟಿಯಾಗಿ ಓದಿ ನೋಡಿ: "ಬೂತುಗನಿಂದ ಮಣಲೆರನಿಗೆ ಹೌಂಡ್ ಕಾಳಿಯು ನೀಡಲ್ಪಟ್ಟಿತು ಎಂಬುದಾಗಿ ಶಾಸನದಲ್ಲಿ ಉಲ್ಲೇಖಿಸಲ್ಪಟ್ಟಿರುತ್ತದೆ." ನಡೆದದ್ದು ಇಷ್ಟೇ: ಚೋಳರ ವಿರುದ್ಧ ನಡೆದ ತಕ್ಕೋಲದ ಕಾಳಗದಲ್ಲಿ ಮಣಲೆರ ತೋರಿದ ಶೌರ್ಯಕ್ಕೆ ಮೆಚ್ಚಿ, ಬೇಕಾದ್ದನ್ನು ಕೇಳಿಕೋ ಎಂದು ಗಂಗದೊರೆ ಇಮ್ಮಡಿ ಬೂತುಗ ಹೇಳುತ್ತಾನೆ, ಮಣಲೆರ ಆತನ ನಾಯಿ ಕಾಳಿಯನ್ನು ಕೇಳಿ ಪಡೆಯುತ್ತಾನೆ. ಊರನ್ನೋ ಹೊನ್ನನ್ನೋ ಕೇಳಬಹುದಾಗಿದ್ದವನು ನಾಯಿಯನ್ನು ಕೇಳಿದ ಎಂಬುದೇ ಈ ಶಾಸನದ ಜೀವ. "ನೀಡಲ್ಪಟ್ಟಿತು" ಎಂದು ಬರೆದರೆ ಕೇಳಿದವನೂ ಕಾಣುವುದಿಲ್ಲ, ಕೊಟ್ಟವನೂ ಕಾಣುವುದಿಲ್ಲ. ಕನ್ನಡದ ವಾಕ್ಯಕ್ಕೆ ಕೆಲಸ ಮಾಡಿದವನು ಮುಂದೆ ಬಂದರೆ ಚೆಂದ. "ಪಡು" ಹಚ್ಚಿದ ಕ್ರಿಯಾಪದಗಳನ್ನು ಒಂದೊಂದಾಗಿ ಹುಡುಕಿ ಬಿಡಿಸಿದರೆ ನಿಮ್ಮ ಕರಡಿನ ಅರ್ಧ ತೊಡಕು ಕಳೆಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಹಿನ್ನೆಲೆಯಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ, 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಸಲಕರಣೆಯ ಮೂಲಕ ಬಹಳಷ್ಟು ಉದ್ದುದ್ದ ಲೇಖನಗಳು ಒಮ್ಮೆಗೇ ಬಂದು ಬಿದ್ದವು. ಪುಟದ ಲೆಕ್ಕ ಏರಿತು, ಓದಲು ಕೂತವರಿಗೆ ಎರಡನೆಯ ಪ್ಯಾರಾ ದಾಟಲಾಗುತ್ತಿರಲಿಲ್ಲ. ಅಂಥ ಪುಟಗಳನ್ನು ತಿದ್ದಲು ಕೂತಾಗ, ಹೊಸದಾಗಿ ಬರೆಯುವುದೇ ಸುಲಭವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅನುವಾದದ ಸಲಕರಣೆಯನ್ನು ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದು ಕೊಟ್ಟದ್ದನ್ನು ನೋಡಿ, ಪುಟ ಮುಚ್ಚಿ, ಗೆಳತಿಯೊಬ್ಬಳಿಗೆ ಬಾಯಲ್ಲಿ ಹೇಳುವಂತೆ ಹೇಳಿಕೊಂಡು ಆಮೇಲೆ ಬರೆಯಿರಿ.

ವಿದ್ಯಾರ್ಥಿನಿ:

ಮೇಡಂ, ನೀವು ಹೇಳಿದ್ದು ನಿಜ. ಹತ್ತು ಸಾವಿರ ಬೈಟ್ ಆಗಲೇಬೇಕು ಎಂದು ನಮಗೆ ಹೇಳಿದ್ದರಿಂದ ಆ ಮೂರು ಪ್ಯಾರಾಗಳನ್ನು ಅನುವಾದದಿಂದ ತಂದು ಸೇರಿಸಿದೆ. ಅವುಗಳನ್ನು ಈಗ ತೆಗೆದಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ, ಕೇಳಿದರೆ ತಪ್ಪು ತಿಳಿಯಬೇಡಿ. ಕಲ್ಲಿನ ಎದುರು ನಿಂತು ನಾನೇ ಓದಿದ ಸಾಲುಗಳಿಗೂ ಮೂಲ ಕೊಡಿ ಎನ್ನುತ್ತೀರಿ. ಕಲ್ಲಿಗಿಂತ ದೊಡ್ಡ ಮೂಲ ಯಾವುದು? ಚೋಳ ರಾಜಾದಿತ್ಯನನ್ನು ಬೂತುಗ ಮೋಸದಿಂದ ಕೊಂದ ಎಂದು ನಾನು ಬರೆದಿದ್ದೇನೆ. ಒಂದು ಹಳೆಯ ಪುಸ್ತಕದಲ್ಲಿಯೂ ಹಾಗೆಯೇ ಓದಿದ ನೆನಪಿದೆ, ಕಲ್ಲಿನಲ್ಲಿಯೂ ಆ ಪದ ನನಗೆ ಹಾಗೆಯೇ ಕಂಡಿತು.

ಶಾಸನ ಪಾಠ ಹೇಳುವ ಅಧ್ಯಾಪಕರು:

ಈ ಪ್ರಶ್ನೆಗಾಗಿಯೇ ನಾನು ಈ ಚರ್ಚೆಗೆ ಬಂದೆ. ನಿಮ್ಮ ಪ್ರಶ್ನೆ ತಪ್ಪಲ್ಲ, ಬಹಳ ಒಳ್ಳೆಯ ಪ್ರಶ್ನೆ. ಉತ್ತರವೂ ನೀವು ಆರಿಸಿಕೊಂಡ ಕಲ್ಲಿನಲ್ಲಿಯೇ ಇದೆ.

ರಾಜಾದಿತ್ಯನ ಸಾವಿನ ಪ್ರಸಂಗದಲ್ಲಿ "ಬಿಸುಗೆಯೆ ಕಳನಾಗಿ" ಎಂಬ ಮಾತು ಬರುತ್ತದೆ. ಹಿಂದೆ ಇದನ್ನು "ಕಳ್ಳನಾಗಿ" ಎಂಬ ಅರ್ಥದಲ್ಲಿ ತೆಗೆದುಕೊಂಡು, ಬೂತುಗ ವಂಚನೆಯಿಂದ ಇರಿದು ಕೊಂದನೆಂದು ಬರೆದರು. ನೀವು ಓದಿದ ಹಳೆಯ ಪುಸ್ತಕ ಆ ಅಭಿಪ್ರಾಯದ್ದು. ಆಮೇಲೆ ವಿದ್ವಾಂಸರು ಮತ್ತೆ ಪರಿಶೀಲಿಸಿದಾಗ, ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ, ಕಳ ಎಂದರೆ ಕಾಳಗದ ಕಣ, ಅಂಬಾರಿಯೇ ರಣಭೂಮಿಯಾಗಿ ಇಬ್ಬರೂ ಕಾದಿದರು ಎಂಬ ಅರ್ಥ ನಿಂತಿತು. ಈ ಓದಿಗೆ ಎದುರಾಳಿಗಳ ಕಡೆಯಿಂದಲೂ ಬೆಂಬಲವಿದೆ: ಚೋಳರ ಲೇಡನ್ ತಾಮ್ರಪಟವು ರಾಜಾದಿತ್ಯನು ಆನೆಯ ಮೇಲಿದ್ದಾಗಲೇ ಹೋರಾಡುತ್ತ ಮಡಿದನೆಂದು ಹೇಳುತ್ತದೆ. ಒಂದು ಒತ್ತಕ್ಷರ ಇದೆಯೋ ಇಲ್ಲವೋ ಎಂಬುದರ ಮೇಲೆ ಒಬ್ಬ ದೊರೆ ವಂಚಕನಾಗುವುದೋ ಎದುರಿಗೆ ನಿಂತು ಗೆದ್ದ ವೀರನಾಗುವುದೋ ನಿಂತಿದೆ.

ಸವೆದ ಕಲ್ಲಿನ ಮೇಲೆ, ಗಾಜಿನಾಚೆಯ ಬೆಳಕಿನಲ್ಲೋ ಮಂದ ನೆರಳಿನಲ್ಲೋ ಕಂಡ ಅಕ್ಷರವನ್ನು ನಂಬಿ ನಾವು ಹೀಗೆಂದು ಬರೆದುಬಿಟ್ಟರೆ, ಬೀದರಿನಲ್ಲೋ ದುಬೈನಲ್ಲೋ ಕೂತು ಓದುವವರಿಗೆ ಅದನ್ನು ಪರೀಕ್ಷಿಸುವ ದಾರಿ ಇರುವುದಿಲ್ಲ. ವಿಶ್ವಕೋಶ ನಿಮ್ಮ ಓದನ್ನು ಹೊರಗಿಡುವುದು ಅದು ಕೀಳು ಎಂದಲ್ಲ. ಅದು ಇನ್ನೂ ಪ್ರಕಟವಾಗಿಲ್ಲ, ಬಲ್ಲವರ ಪರಿಶೀಲನೆಗೆ ಒಡ್ಡಿಕೊಂಡಿಲ್ಲ. ನಿಮ್ಮ ಓದಿನಲ್ಲಿ ಹೊಸದೇನಾದರೂ ಇದ್ದರೆ ಶಾಸನ ಅಧ್ಯಯನದ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿ. ಅದು ಅಚ್ಚಾದ ಮೇಲೆ ಇನ್ನೊಬ್ಬರು ಅದನ್ನೇ ಇಲ್ಲಿ ಮೂಲವಾಗಿ ಕೊಡಬಹುದು.

ಮೂಲ ಕೊಡುವ ಬಗೆಯಲ್ಲಿಯೂ ಎಚ್ಚರ ಬೇಕು. ನೀವು "ಎಪಿಗ್ರಾಫಿಯಾ ಕರ್ನಾಟಿಕಾ" ಎಂದಷ್ಟೇ ಬರೆದಿದ್ದೀರಿ. ಅದು ಕರ್ನಾಟಕದ ಶಾಸನಗಳನ್ನು ಅಚ್ಚು ಮಾಡಿದ, ಒಂದು ಕಪಾಟು ತುಂಬುವಷ್ಟು ಸಂಪುಟಗಳ ಮಾಲೆ. ಬಿ. ಎಲ್. ರೈಸ್ ಸಂಪಾದಿಸಿದ ಮೂರನೆಯ ಸಂಪುಟದಲ್ಲಿ ಈ ಶಾಸನ ಮಂಡ್ಯ ತಾಲ್ಲೂಕಿನ 41ನೆಯದು. ಆತಕೂರು ಇಂದು ಮದ್ದೂರು ತಾಲ್ಲೂಕಿನಲ್ಲಿದೆಯಾದ್ದರಿಂದ ಅಲ್ಲಿಯ ಸಂಕ್ಷೇಪವನ್ನು ಮದ್ದೂರು ಎಂದು ಬಿಡಿಸಿದ್ದೀರಿ, ಅದು ಮಂಡ್ಯ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆಯೇ ಬದಲಾಗಿದೆ. ಆದ್ದರಿಂದ ಆವೃತ್ತಿ, ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ನಾಲ್ಕನ್ನೂ ಬರೆಯಿರಿ. ಗ್ರಂಥಾಲಯಕ್ಕೆ ಹೋದವರ ಕೈ ನೇರವಾಗಿ ಆ ಪುಟಕ್ಕೆ ಹೋಗಬೇಕು.

ಇನ್ನೊಂದು ಸಣ್ಣ ವಿಷಯ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬೂತುಗನಿಗೆ "ಬನವಾಸಿಯ 12,000 ಹಳ್ಳಿಗಳನ್ನು" ಕೊಟ್ಟನೆಂದು ಬರೆದಿದ್ದೀರಿ. ಶಾಸನಗಳಲ್ಲಿ ನಾಡಿನ ಹೆಸರಿನ ಜೊತೆ ಬರುವ ಬನವಾಸಿ 12000, ಬೆಳ್ವೊಲ 300 ಇಂಥ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ, ಬೇರೇನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. "ಬನವಾಸಿ 12000" ಎಂದು ಶಾಸನದಲ್ಲಿ ಇದ್ದಂತೆಯೇ ಬಿಡಿ. ಮೂಲಪಾಠವನ್ನು ಉದ್ಧರಿಸುವಾಗ ಱ, ೞ ಅಕ್ಷರಗಳನ್ನು ಹಾಗೆಯೇ ಇಡಿ. ನಿಮ್ಮ ವಿವರಣೆಯಲ್ಲಿ ಚೋಳ ಎಂದು ಬರೆಯಬಹುದು, ಶಾಸನದ ಸಾಲಿನಲ್ಲಿ ೞ ಇರುವಲ್ಲಿ ಳ ಹಾಕಿದರೆ ಅದು ಹತ್ತನೆಯ ಶತಮಾನದ ಪಾಠವಾಗಿ ಉಳಿಯುವುದಿಲ್ಲ.

ಚಿತ್ರಗಳ ಕೆಲಸ ಮಾಡುವ ಸಂಪಾದಕರು:

ನಾಯಿಯೂ ಹಂದಿಯೂ ಸೆಣಸುತ್ತಿರುವ ಉಬ್ಬುಶಿಲ್ಪದ ನಿಮ್ಮ ಫೋಟೋ ಚೆನ್ನಾಗಿದೆ. ಅದನ್ನು ನೇರವಾಗಿ ಕನ್ನಡ ವಿಕಿಪೀಡಿಯಕ್ಕೆ ಏರಿಸದೆ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ, ಆಗ ಎಲ್ಲ ಭಾಷೆಯವರಿಗೂ ಸಿಗುತ್ತದೆ. ಶಿಲ್ಪದ ಮೇಲೆ ಇಂದು ಯಾರ ಹಕ್ಕೂ ಇಲ್ಲ. ಫೋಟೋದ ಹಕ್ಕು ಮಾತ್ರ ತೆಗೆದವರದು, ನೀವೇ ತೆಗೆದದ್ದಾದ್ದರಿಂದ ಪರವಾನಗಿ ಕೊಡಬಲ್ಲವರೂ ನೀವೇ.

ಎರಡನೆಯ ಚಿತ್ರವನ್ನು ಪತ್ರಿಕೆಯೊಂದರ ಜಾಲತಾಣದಿಂದ ತೆಗೆದುಕೊಂಡಿದ್ದೀರಿ, ದಯವಿಟ್ಟು ಅದನ್ನು ತೆಗೆದುಬಿಡಿ. ಅದರ ಜೊತೆಗಿದ್ದ ಎರಡು ವಾಕ್ಯಗಳೂ ಕರಡಿನಲ್ಲಿ ಅಲ್ಲಿದ್ದ ಹಾಗೆಯೇ ಇವೆ. ಇಲ್ಲಿ ಬರೆದದ್ದನ್ನು ಹೆಸರು ಹೇಳಿ ಯಾರು ಬೇಕಾದರೂ, ಮಾರಾಟಕ್ಕೂ ಸಹ, ಬಳಸಬಹುದೆಂಬ ಪರವಾನಗಿಗೆ ನಾವೆಲ್ಲ ಒಪ್ಪಿ "ಪ್ರಕಟಿಸು" ಒತ್ತುತ್ತೇವೆ. ಬೇರೆಯವರ ಬರಹವನ್ನು ಹಾಗೆ ಕೊಟ್ಟುಬಿಡುವ ಅಧಿಕಾರ ನಮಗಿಲ್ಲ. ರೈಸ್ ಅವರ ಸಂಪುಟಗಳ ವಿಷಯ ಬೇರೆ. ಅವರು ತೀರಿಕೊಂಡದ್ದು 1927ರಲ್ಲಿ, ನಮ್ಮ ದೇಶದ ಕಾನೂನಿನಂತೆ ಲೇಖಕರು ಕಾಲವಾಗಿ 60 ವರ್ಷ ಕಳೆದ ಮೇಲೆ ಹಕ್ಕು ಮುಗಿಯುತ್ತದೆ. ಪರಿಷ್ಕೃತ ಆವೃತ್ತಿಯ ಪೀಠಿಕೆಯನ್ನೂ ಅನುವಾದವನ್ನೂ ಮಾತ್ರ ಹಾಗೆ ನಕಲು ಮಾಡಬೇಡಿ.

ಇನ್ನೊಬ್ಬ ಸಂಪಾದಕರು:

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ, ಆದರೆ ನನಗೊಂದು ಅಳುಕಿದೆ. ಹೊಸಬರೊಬ್ಬರ ಮೊದಲ ಕರಡಿಗೆ ಇಷ್ಟೊಂದು ತಿದ್ದುಪಡಿ ಹೇಳಿದರೆ ಅವರು ಪ್ರಯೋಗಪುಟದಲ್ಲಿಯೇ ನಿಂತುಬಿಡುತ್ತಾರೆ. ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಮರಳಿ ಬರುವ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಮೂಲವಿರುವ ನಾಲ್ಕು ಪ್ಯಾರಾಗಳನ್ನು ಇಂದೇ ಲೇಖನವಾಗಿ ಪ್ರಕಟಿಸಿ, ಇನ್ನೂ ಬೆಳೆಯಬೇಕಾದ ಸಣ್ಣ ಲೇಖನ ಎನ್ನುವ "ಚುಟುಕು" ಗುರುತು ಹಾಕಿ, ಉಳಿದದ್ದನ್ನು ಎಲ್ಲರೂ ಸೇರಿ ಬೆಳೆಸಿದರೆ ಆಗದೇ? ವಿಕಿಪೀಡಿಯ ಬೆಳೆದದ್ದೇ ಹಾಗೆ.

ಹಿರಿಯ ಸಂಪಾದಕರು:

ನಿಮ್ಮ ಅಳುಕು ನನಗೂ ಇದೆ. ಮೂಲವಿರುವ ಭಾಗವನ್ನು ಇಂದೇ ತರಲು ನನ್ನ ಒಪ್ಪಿಗೆಯೂ ಇದೆ. ಆದರೆ "ಮೋಸದಿಂದ ಕೊಂದ" ಎಂಬ ಸಾಲು ಇರುವ ಪ್ಯಾರಾ ಬರುವುದು ಬೇಡ. ಪ್ರಕಟವಾದ ಮರುದಿನವೇ ಅದು ಶಾಲೆಯ ಪ್ರಬಂಧಗಳಿಗೆ, ವಾಟ್ಸ್ಆ್ಯಪ್ ಬರಹಗಳಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿಗೆ ಹೋಗುತ್ತದೆ. ಆಮೇಲೆ ಆ ಗೈಡನ್ನೇ ಮೂಲವೆಂದು ತೋರಿಸಿ ಇನ್ನೊಬ್ಬರು ನಮ್ಮ ಪುಟಕ್ಕೆ ಅದೇ ತಪ್ಪನ್ನು ಮರಳಿ ತರುತ್ತಾರೆ. ಇಂಥದ್ದನ್ನು ಬೇರೆ ಪುಟಗಳಲ್ಲಿ ತಿದ್ದಿ ತಿದ್ದಿ ನಾನು ಬಹಳ ನೊಂದಿದ್ದೇನೆ. ತಕ್ಕೋಲದ ಕಾಳಗಕ್ಕೆ ತಮಿಳು ಓದುಗರೂ ಇದ್ದಾರೆ, ರಾಜಾದಿತ್ಯ ಅವರ ವೀರ. ಎರಡೂ ಕಡೆಯವರು ಓದಿ, ನಡೆದದ್ದನ್ನು ನಡೆದಂತೆ ಹೇಳಿದ್ದಾರೆ ಎನ್ನುವಂತೆ ಬರೆಯುವುದು ನಮ್ಮ ಹೊಣೆ.

ಬೈಟಿನ ವಿಷಯವಾಗಿ ನಿಮ್ಮ ವಿಭಾಗದ ಅಧ್ಯಾಪಕರಿಗೆ ಈ ಚರ್ಚೆಯನ್ನು ದಯವಿಟ್ಟು ತೋರಿಸಿ. ಕನ್ನಡದ ಒಂದೊಂದು ಅಕ್ಷರಸಂಕೇತವೂ ಗಣಕದಲ್ಲಿ ಮೂರು ಬೈಟ್ ಹಿಡಿಯುತ್ತದೆ. "ಕ್ಷ" ಎಂದು ಬರೆದರೆ ಒಂಬತ್ತು. ಒತ್ತಕ್ಷರ ಹೆಚ್ಚಿದಷ್ಟೂ ಬೈಟ್ ಹೆಚ್ಚುತ್ತದೆಯೇ ಹೊರತು ವಿಷಯ ಹೆಚ್ಚುವುದಿಲ್ಲ. ಅಂಕ ಕೊಡುವವರು ಎಷ್ಟು ವಾಕ್ಯಗಳಿಗೆ ಸರಿಯಾದ ಮೂಲವಿದೆ ಎಂದು ನೋಡಿದರೆ ವಿದ್ಯಾರ್ಥಿಗಳೂ ಅದನ್ನೇ ಮಾಡುತ್ತಾರೆ.

ವಿದ್ಯಾರ್ಥಿನಿ:

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಇಡೀ ದಿನ ಗ್ರಂಥಾಲಯದಲ್ಲಿದ್ದೆ. ರೈಸ್ ಸಂಪುಟವನ್ನೂ ಪರಿಷ್ಕೃತ ಆವೃತ್ತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ರಾಜಾದಿತ್ಯನ ಪ್ಯಾರಾವನ್ನು ಹೀಗೆ ತಿದ್ದಿದ್ದೇನೆ:

"ತಕ್ಕೋಲದ ಕಾಳಗದಲ್ಲಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದು ಶಾಸನ ಹೇಳುತ್ತದೆ. ಈ ಸಂದರ್ಭದಲ್ಲಿ ಬರುವ 'ಬಿಸುಗೆಯೆ ಕಳನಾಗಿ' ಎಂಬ ಮಾತನ್ನು ಹಿಂದಿನ ವಿದ್ವಾಂಸರು ವಂಚನೆಯ ಅರ್ಥದಲ್ಲಿ ತೆಗೆದುಕೊಂಡಿದ್ದರು. ಅಂಬಾರಿಯೇ ಕಾಳಗದ ಕಣವಾಗಿ ಎಂಬುದು ನಂತರದ ಓದು. ರಾಜಾದಿತ್ಯನು ಆನೆಯ ಮೇಲೆ ಮಡಿದನೆಂದು ಚೋಳರ ಲೇಡನ್ ತಾಮ್ರಪಟವೂ ಹೇಳುವುದರಿಂದ ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿದ್ದಾರೆ."

ನಾಲ್ಕು ವಾಕ್ಯಗಳಿಗೂ ಬೇರೆ ಬೇರೆ ಉಲ್ಲೇಖ ಹಾಕಿದ್ದೇನೆ. ಸಂಪಾದನೆಯ ಸಾರಾಂಶದಲ್ಲಿ ಏನು ಬದಲಿಸಿದೆ, ಏಕೆ ಎಂದೂ ಬರೆದಿದ್ದೇನೆ. ಬೂತುಗನನ್ನು "ಬೂತುಗ ಅವರು" ಎಂದು ಬರೆಯಬೇಕೇ ಎಂಬ ಒಂದು ಸಂದೇಹ ಉಳಿದಿದೆ.

ಭಾಷೆಯನ್ನು ನೋಡಿಕೊಳ್ಳುವ ಸಂಪಾದಕಿ:

ಹಳೆಯ ಕಾಲದ ಅರಸರಿಗೆ, ಕವಿಗಳಿಗೆ ಏಕವಚನವೇ ಕನ್ನಡದ ರೂಢಿ. ಪಂಪ ಬರೆದನು, ಬೂತುಗ ಗೆದ್ದನು ಎನ್ನುತ್ತೇವೆ, ಅದರಲ್ಲಿ ಅಗೌರವವಿಲ್ಲ. ರೈಸ್ ಅವರಂಥ ಇತ್ತೀಚಿನವರಿಗೆ ಬಹುವಚನ ಬಳಸಿ. ಪ್ಯಾರಾ ಈಗ ತಿಳಿಯಾಗಿದೆ, ಓದಿ ಬಹಳ ಸಂತೋಷವಾಯಿತು.

ಶಾಸನ ಪಾಠ ಹೇಳುವ ಅಧ್ಯಾಪಕರು:

ನನಗೂ ಸಂತೋಷವಾಯಿತು. ಕೊನೆಯ ವಾಕ್ಯದ "ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿದ್ದಾರೆ" ಎಂಬುದನ್ನು ಮಾತ್ರ ತೆಗೆಯಿರಿ. ಎಲ್ಲರನ್ನೂ ನೀವು ಓದಿಲ್ಲ, ನಾನೂ ಓದಿಲ್ಲ. ನೀವು ಯಾರ ಪುಸ್ತಕದಲ್ಲಿ ಓದಿದಿರೋ ಅವರ ಹೆಸರು ಹೇಳಿ, ಅವರು ಹೀಗೆ ಅಭಿಪ್ರಾಯಪಟ್ಟಿದ್ದಾರೆ ಎಂದು ಬರೆದು ಪುಟಸಂಖ್ಯೆ ಕೊಡಿ.

ವಿದ್ಯಾರ್ಥಿನಿ:

ತಿದ್ದಿದ್ದೇನೆ ಸರ್, ಪುಟಸಂಖ್ಯೆಯನ್ನೂ ಸೇರಿಸಿದ್ದೇನೆ. ಲೇಖನ ಈಗ ಆರು ಸಾವಿರ ಬೈಟ್‌ಗೆ ಇಳಿದಿದೆ. ನಮ್ಮ ಅಧ್ಯಾಪಕರಿಗೆ ಈ ಚರ್ಚೆಯ ಕೊಂಡಿಯನ್ನು ಕಳಿಸಿದ್ದೇನೆ. ಕಳೆದ ವಾರ ರದ್ದಾದ ಪ್ಯಾರಾವನ್ನೂ ಮೂಲಸಹಿತ ಆ ಪುಟಕ್ಕೆ ಮತ್ತೆ ಸೇರಿಸಿ, ರದ್ದು ಮಾಡಿದವರ ಚರ್ಚಾಪುಟದಲ್ಲಿ ವಿಷಯ ತಿಳಿಸಿ ಬಂದಿದ್ದೇನೆ.

ಹಿರಿಯ ಸಂಪಾದಕರು:

ಲೇಖನವನ್ನು ಪ್ರಯೋಗಪುಟದಿಂದ ವಿಕಿಪೀಡಿಯದ ಲೇಖನಗಳ ಸಾಲಿಗೆ ಸ್ಥಳಾಂತರಿಸಿದ್ದೇನೆ, "ಕನ್ನಡ ಶಾಸನಗಳು" ವರ್ಗಕ್ಕೂ ಸೇರಿಸಿದ್ದೇನೆ. ಮಣಲೆರನ ಹೆಸರಿಗೆ ಹಾಕಿದ ಕೊಂಡಿ ಕೆಂಪಾಗಿ ಕಾಣುತ್ತಿದೆ, ಆ ಪುಟ ಇನ್ನೂ ಇಲ್ಲ ಎಂದು ಅದರ ಅರ್ಥ. ಪರೀಕ್ಷೆ ಮುಗಿದ ಮೇಲೆ ಬಿಡುವಾದಾಗ ಅದನ್ನೂ ನೀವೇ ಶುರು ಮಾಡಿ. ನಾನು ಆ ಹೆಸರನ್ನು ನನ್ನ ವೀಕ್ಷಣಾಪಟ್ಟಿಯಲ್ಲಿ ಇಟ್ಟುಕೊಂಡಿರುತ್ತೇನೆ.